‘ಬರೀ ನಾಟಕ’ ಎಂಬ ಸುಲಭದ ತೀರ್ಪು

ವೃತ್ತಿಪರ ಕುಸ್ತಿಯ ಮಾತು ಬಂದರೆ ನಮ್ಮಲ್ಲಿ ಚರ್ಚೆ ಹೆಚ್ಚು ಹೊತ್ತು ನಡೆಯುವುದಿಲ್ಲ. ‘ಅಯ್ಯೋ, ಅದೆಲ್ಲ ಬರೀ ನಾಟಕ, ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ’ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. 1990ರ ದಶಕದಲ್ಲಿ ಕೇಬಲ್ ಟಿವಿ ಮನೆಮನೆಗೆ ಬಂದಾಗ ಡಬ್ಲ್ಯುಡಬ್ಲ್ಯುಎಫ್ ನೋಡುತ್ತ, ಅದರ ಟ್ರಂಪ್ ಕಾರ್ಡುಗಳನ್ನು ಕೂಡಿಡುತ್ತ ಬೆಳೆದ ತಲೆಮಾರೊಂದು ಕರ್ನಾಟಕದಲ್ಲೂ ಇದೆ. ಆ ಮಕ್ಕಳಿಗೆ ಹಿರಿಯರು ಹೇಳಿದ್ದು ಇದೇ ಮಾತನ್ನು. ಈಗ ಅವರು ತಮ್ಮ ಮಕ್ಕಳಿಗೆ ಹೇಳುವುದೂ ಇದನ್ನೇ. ಈ ಮಾತಿನಲ್ಲಿ ಒಂದು ಸತ್ಯವಿದೆ. ಆದರೆ ಆ ಒಂದು ಸತ್ಯದ ಬೆನ್ನಿಗೆ ಮೂರು ತಪ್ಪು ತೀರ್ಮಾನಗಳು ಸದ್ದಿಲ್ಲದೆ ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡುವುದಕ್ಕೆ ಕೆನಡಾದ ಕುಸ್ತಿಪಟು ಬ್ರೆಟ್ ಹಾರ್ಟ್‌ನ ವೃತ್ತಿಜೀವನಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಮೊದಲು, ಹಾಗೆ ಹೇಳುವವರ ಪಕ್ಷವನ್ನು ನ್ಯಾಯವಾಗಿ ಒಪ್ಪಿಸಬೇಕು. ಕುಸ್ತಿಯ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಊಹೆಯಲ್ಲ, ವಾಸ್ತವ. ಅದನ್ನು ದಶಕಗಳ ಕಾಲ ಜನರಿಂದ ಮುಚ್ಚಿಟ್ಟದ್ದೂ ವಾಸ್ತವ. ರಿಂಗಿನಲ್ಲಿ ವೈರಿಗಳಾದವರು ಊಟದ ಹೋಟೆಲಿನಲ್ಲಿ ಒಟ್ಟಿಗೆ ಕಾಣಿಸಿಕೊಳ್ಳಬಾರದು, ಒಂದೇ ಕಾರಿನಲ್ಲಿ ಪ್ರಯಾಣ ಮಾಡಬಾರದು ಎಂಬ ಕಟ್ಟಳೆ ಇತ್ತು. ಈ ಗುಟ್ಟಿನ ವ್ಯವಸ್ಥೆಗೆ ಆ ವೃತ್ತಿಯವರು ಕೇಫೇಬ್ ಎನ್ನುತ್ತಿದ್ದರು. ಹೀಗೆ ವರ್ಷಾನುಗಟ್ಟಲೆ ಜನರನ್ನು ನಂಬಿಸಿದವರು ಈಗ ‘ನಮ್ಮ ಕಲೆಯನ್ನು ಗೌರವಿಸಿ’ ಎಂದರೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಸಾಲದ್ದಕ್ಕೆ, 1989ರಲ್ಲಿ ವಿನ್ಸ್ ಮೆಕ್‌ಮಹನ್‌ನ ಕಂಪನಿ ಡಬ್ಲ್ಯುಡಬ್ಲ್ಯುಎಫ್ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ತಾನೇ ಒಪ್ಪಿಕೊಂಡಿತು: ಇದು ಸ್ಪರ್ಧೆಯಲ್ಲ, ಮನರಂಜನೆ. ಮಾಲೀಕರೇ ಒಪ್ಪಿದ ಮೇಲೆ ಇನ್ನೇನು ವಾದ ಉಳಿಯಿತು ಎಂದು ಕೇಳುವವರ ಪ್ರಶ್ನೆ ತೂಕದ್ದೇ. ಆ ಒಪ್ಪಿಗೆಯನ್ನು ಯಾಕೆ ಕೊಟ್ಟರು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಸದ್ಯಕ್ಕೆ, ಫಲಿತಾಂಶ ನಿಗದಿಯಾಗಿದೆ ಎಂಬ ಒಂದೇ ಸಂಗತಿಯಿಂದ ಜನ ಎಳೆದು ತರುವ ತೀರ್ಮಾನಗಳನ್ನು ಬಿಡಿಬಿಡಿಯಾಗಿ ಇಡುತ್ತೇನೆ.

1. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತು. ಆದ್ದರಿಂದ ಇದರಲ್ಲಿ ಕೌಶಲವಿಲ್ಲ.

2. ಹೊಡೆತಗಳು ಒಪ್ಪಂದದವು, ಆದ್ದರಿಂದ ಯಾರಿಗೂ ನಿಜವಾದ ಪೆಟ್ಟಾಗುವುದಿಲ್ಲ.

3. ಸೋಲುಗೆಲುವು ಎರಡೂ ಸುಳ್ಳು. ಆದ್ದರಿಂದ ಸೋತವನಿಗೆ ಅನ್ಯಾಯವಾಯಿತು ಎನ್ನುವುದಕ್ಕೆ ಅರ್ಥವೇ ಇಲ್ಲ.

ಮೂರರಲ್ಲೂ ‘ಆದ್ದರಿಂದ’ದ ಹಿಂದಿರುವ ಮಾತು ನಿಜ ಅಥವಾ ಬಹುಪಾಲು ನಿಜ. ಮುಂದಿರುವುದು ಮೂರರಲ್ಲೂ ತಪ್ಪು.

ಇವನ್ನು ಒಂದೊಂದಾಗಿ ನೋಡುವ ಮೊದಲು ಬ್ರೆಟ್ ಯಾರೆಂದು ತಿಳಿಯಬೇಕು. ಅವನು ಹುಟ್ಟಿದ್ದು 1957ರಲ್ಲಿ, ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಎಂಟನೆಯವನು. ಅಪ್ಪ ಸ್ಟೂ ಹಾರ್ಟ್ ಸ್ವತಃ ಹವ್ಯಾಸಿ ಕುಸ್ತಿಯಲ್ಲಿ ಹೆಸರು ಮಾಡಿದ್ದವನು, ಸ್ಟ್ಯಾಂಪೀಡ್ ರೆಸ್ಲಿಂಗ್ ಎಂಬ ಪ್ರಾದೇಶಿಕ ಕಂಪನಿಯ ಮಾಲೀಕ. ಅವರ ಮನೆಯ ನೆಲಮಾಳಿಗೆಗೆ ‘ಡಂಜನ್’ ಎಂದು ಹೆಸರು ಬಿದ್ದಿತ್ತು. ಕುಸ್ತಿ ಕಲಿಯಬೇಕೆಂದು ಬಂದ ಎಳೆಯರನ್ನು ಸ್ಟೂ ಅಲ್ಲಿ ನಿಜವಾದ ಪಟ್ಟುಗಳಲ್ಲಿ ಸಿಕ್ಕಿಸಿ, ಅವರು ಕಿರುಚುವ ತನಕ ಬಿಡುತ್ತಿರಲಿಲ್ಲ. ಆ ಕಂಪನಿಯಲ್ಲಿ ಬೇರೆಬೇರೆ ನಾಡಿನವರು ಬಂದು ಆಡಿದರು. ಪಂಜಾಬ್ ಮೂಲದ ಗಾಮಾ ಸಿಂಗ್ ಅಲ್ಲಿ ಬಹುಕಾಲ ಖಳನಾಗಿ ಮೆರೆದ. 1984ರಲ್ಲಿ ಸ್ಟೂ ತನ್ನ ಕಂಪನಿಯನ್ನು ಮೆಕ್‌ಮಹನ್‌ಗೆ ಮಾರಿದಾಗ ಬ್ರೆಟ್ ಡಬ್ಲ್ಯುಡಬ್ಲ್ಯುಎಫ್ ಸೇರಿದ. ಮೊದಲು ಭಾವ ಜಿಮ್ ನೈಡ್‌ಹಾರ್ಟ್ ಜೊತೆ ಜೋಡಿಯಾಗಿ ಎರಡು ಸಲ ಟ್ಯಾಗ್ ಟೀಮ್ ಪ್ರಶಸ್ತಿ, ಆಮೇಲೆ ಒಂಟಿಯಾಗಿ ಇಂಟರ್‌ಕಾಂಟಿನೆಂಟಲ್ ಬೆಲ್ಟ್, 1992ರ ಅಕ್ಟೋಬರ್‌ನಲ್ಲಿ ಸ್ಯಾಸ್ಕಟೂನ್ ನಗರದಲ್ಲಿ ರಿಕ್ ಫ್ಲೇರ್‌ನಿಂದ ವಿಶ್ವ ಚಾಂಪಿಯನ್ ಪಟ್ಟ.

ಇನ್ನು ಮೊದಲ ತೀರ್ಮಾನ. ಯಕ್ಷಗಾನದ ಆಟದಲ್ಲಿ ಕೀಚಕ ಬೆಳಗಿನೊಳಗೆ ಸಾಯುತ್ತಾನೆಂದು ಗದ್ದೆಯಲ್ಲಿ ಕೂತ ಮಗುವಿಗೂ ಗೊತ್ತು. ಹಾಗೆಂದು ಕೀಚಕನ ವೇಷಕ್ಕೆ ಕೌಶಲ ಬೇಡ ಎಂದು ಯಾರೂ ಹೇಳುವುದಿಲ್ಲ. ಫಲಿತಾಂಶ ನಿಗದಿಯಾಗಿರುವಲ್ಲಿ ಕೌಶಲ ಇಲ್ಲವಾಗುವುದಿಲ್ಲ, ಅದರ ನೆಲೆ ಬದಲಾಗುತ್ತದೆ. ಗೆಲ್ಲುವುದು ಹೇಗೆ ಎಂಬ ಪ್ರಶ್ನೆ ಹೋಗಿ, ಗೊತ್ತಿರುವ ಗೆಲುವನ್ನು ನಂಬುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿಗೆ ಹೋಲಿಕೆ ನಿಲ್ಲುತ್ತದೆ. ಯಾಕೆಂದರೆ ಕುಸ್ತಿಯಲ್ಲಿ ಇನ್ನೊಂದು ಹೊರೆಯಿದೆ. ನೂರು ಕಿಲೋ ದಾಟಿದ ದೇಹವೊಂದು ಎದುರಾಳಿಯ ಹೆಗಲ ಮೇಲಿಂದ ನಿಜವಾಗಿಯೇ ಕೆಳಗೆ ಬೀಳುತ್ತದೆ. ರಿಂಗಿನ ನೆಲ ಹಾಸಿಗೆಯಲ್ಲ: ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ತೆಳುವಾದ ಫೋಮ್, ಬಿಗಿದು ಕಟ್ಟಿದ ಕ್ಯಾನ್ವಾಸ್. ಅದರ ಮೇಲೆ ಬೀಳುವುದನ್ನೇ ತಿಂಗಳುಗಟ್ಟಲೆ ಕಲಿಯಬೇಕು. ಗದ್ದವನ್ನು ಎದೆಗೆ ಒತ್ತಿಕೊಂಡು ತಲೆಯ ಹಿಂಭಾಗ ನೆಲಕ್ಕೆ ತಾಗದಂತೆ ಕಾಪಾಡಿಕೊಳ್ಳಬೇಕು. ಬೆನ್ನಿನ ಮೇಲ್ಭಾಗ ಒಟ್ಟಿಗೆ ನೆಲ ಮುಟ್ಟಬೇಕು. ಅದೇ ಕ್ಷಣಕ್ಕೆ ಎರಡೂ ಕೈ ನೆಲಕ್ಕೆ ಬಡಿದು ಹೊಡೆತವನ್ನು ಹಂಚಬೇಕು. ಉಸಿರು ಹೊರಗೆ ಹೋಗಬೇಕು. ಬಿದ್ದವನು ಒಬ್ಬನೇ ಇದನ್ನು ಸರಿಯಾಗಿ ಮಾಡಿದರೆ ಸಾಲದು, ಎತ್ತಿದವನೂ ಅವನನ್ನು ಸರಿಯಾದ ಕೋನದಲ್ಲಿ ಬಿಡಬೇಕು. ಬ್ರೆಟ್‌ನ ಪ್ರಸಿದ್ಧ ಪಟ್ಟು ಶಾರ್ಪ್‌ಶೂಟರ್ ಅನ್ನೇ ತೆಗೆದುಕೊಳ್ಳಿ. ಅಂಗಾತ ಮಲಗಿದವನ ಎರಡು ಕಾಲುಗಳ ನಡುವೆ ತನ್ನ ಕಾಲು ಹಾಕಿ, ಅವನ ಕಾಲುಗಳನ್ನು ಕತ್ತರಿಯಂತೆ ಹೆಣೆದು, ಅವನನ್ನು ಹೊಟ್ಟೆಯ ಮೇಲೆ ಮಗುಚಿ ಹಿಂದಕ್ಕೆ ಕೂರುತ್ತ ಬರಬೇಕು. ಪೂರ್ತಿ ಭಾರ ಬಿಟ್ಟು ಕೂತರೆ ಕೆಳಗಿನವನ ಸೊಂಟಕ್ಕೆ ಅಪಾಯ. ಕೂರದೆ ನಿಂತರೆ ಹದಿನೈದು ಸಾವಿರ ಜನಕ್ಕೆ ಕಾಣಿಸಿಬಿಡುತ್ತದೆ. ಈ ಎರಡರ ನಡುವಿನ ಎಳೆಯಷ್ಟು ಜಾಗದಲ್ಲಿ ಬ್ರೆಟ್ ವರ್ಷಾನುಗಟ್ಟಲೆ ಕೆಲಸ ಮಾಡಿದ. ತಾನು ಎದುರಾಳಿಗಳಲ್ಲಿ ಯಾರನ್ನೂ ಗಂಭೀರವಾಗಿ ಗಾಯಗೊಳಿಸಿಲ್ಲ ಎಂಬುದನ್ನು ಆತ ತನ್ನ ಯಾವ ಬೆಲ್ಟ್‌ಗಿಂತಲೂ ದೊಡ್ಡ ಹೆಮ್ಮೆಯಾಗಿ ಹೇಳಿಕೊಳ್ಳುತ್ತ ಬಂದಿದ್ದಾನೆ.

ಈ ಕೌಶಲ ಯಾವ ಬಗೆಯದೆಂದು ತಿಳಿಯಲು ಅವನ ಸೋಲುಗಳನ್ನು ನೋಡಬೇಕು. 1992ರ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರದಷ್ಟು ಜನರ ಮುಂದೆ ಬ್ರೆಟ್ ತನ್ನ ತಂಗಿಯ ಗಂಡ ಡೇವಿ ಬಾಯ್ ಸ್ಮಿತ್‌ಗೆ ಸೋತ. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಸ್ಮಿತ್ ದಣಿದು, ಮುಂದೇನು ಮಾಡಬೇಕೆಂಬುದನ್ನೆಲ್ಲ ಮರೆತುಬಿಟ್ಟಿದ್ದ ಎಂದು ಬ್ರೆಟ್ 2007ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಂದೊಂದೇ ಹೆಜ್ಜೆಯನ್ನು ಕಿವಿಯಲ್ಲಿ ಹೇಳಿಕೊಡುತ್ತ, ಅವನನ್ನು ನಡೆಸಿಕೊಂಡು ಹೋಗಿ, ಕೊನೆಗೆ ಅವನ ಕೈಯಲ್ಲಿ ತಾನು ಸೋತ ಕಥೆ ಅದು. ಬ್ರಿಟನ್ನಿನ ಅಭಿಮಾನಿಗಳಿಗೆ ಅದು ಸ್ಮಿತ್‌ನ ಅತಿ ದೊಡ್ಡ ಗೆಲುವು. ಆ ಗೆಲುವನ್ನು ಕಟ್ಟಿದ್ದು ಸೋತವನು. 1994ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಮ್ಮ ಓವೆನ್‌ಗೆ ಸೋತದ್ದೂ ಹೀಗೆಯೇ. ಅಣ್ಣನ ನೆರಳಿನಲ್ಲೇ ಇದ್ದ ಓವೆನ್‌ನನ್ನು ದೊಡ್ಡ ಆಟಗಾರನ ಸಾಲಿಗೆ ತಂದದ್ದು ಆ ಇಪ್ಪತ್ತು ನಿಮಿಷ. 1997ರಲ್ಲಿ ಷಿಕಾಗೋ ಬಳಿಯ ರೋಸ್‌ಮಾಂಟ್‌ನಲ್ಲಿ ಸ್ಟೀವ್ ಆಸ್ಟಿನ್ ಜೊತೆ ನಡೆದ ಪಂದ್ಯದಲ್ಲಂತೂ ಬ್ರೆಟ್ ಗೆದ್ದ, ಆದರೆ ಜನರ ಮನಸ್ಸು ಸೋತವನ ಕಡೆ ಹೋಯಿತು. ಮುಖದ ತುಂಬ ರಕ್ತ ಸುರಿಯುತ್ತಿದ್ದರೂ ಆಸ್ಟಿನ್ ಸೋಲೊಪ್ಪದೆ ಶಾರ್ಪ್‌ಶೂಟರ್‌ನಲ್ಲೇ ಪ್ರಜ್ಞೆ ತಪ್ಪಿದ. ಪಂದ್ಯ ಶುರುವಾದಾಗ ನಾಯಕನಾಗಿದ್ದವನು ಮುಗಿಯುವಾಗ ಖಳ, ಖಳನಾಗಿದ್ದವನು ನಾಯಕ. ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಸಾವಿರಾರು ಜನರ ಒಲವನ್ನು ಹೀಗೆ ಅದಲುಬದಲು ಮಾಡುವುದಕ್ಕೆ ಫಲಿತಾಂಶ ಗೊತ್ತಿದ್ದರೆ ಸಾಕೆ?

ಜನರ ಪಾಲೂ ಇದರಲ್ಲಿದೆ. ಅದೇ ವರ್ಷ ಬ್ರೆಟ್ ಅಮೆರಿಕವನ್ನು ಬೈಯುವ ಕೆನಡಾ ಅಭಿಮಾನಿಯ ಪಾತ್ರ ಹಿಡಿದ. ಅಮೆರಿಕದ ಊರುಗಳಲ್ಲಿ ಅವನಿಗೆ ಧಿಕ್ಕಾರ, ಜುಲೈನಲ್ಲಿ ಕ್ಯಾಲ್ಗರಿಯಲ್ಲಿ ಅದೇ ಮಾತು, ಅದೇ ನಡತೆಗೆ ಕಿವಿಗಡಚಿಕ್ಕುವ ಜೈಕಾರ. ಮೋಸ ಹೋದ ಜನ ಹೀಗೆ ವರ್ತಿಸುವುದಿಲ್ಲ. ಆಟದ ನಿಯಮ ತಿಳಿದು, ಅದರೊಳಗೆ ತಮ್ಮ ಪಾತ್ರವನ್ನು ತಾವೇ ಆರಿಸಿಕೊಂಡ ಜನರ ವರ್ತನೆ ಇದು. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ‘ಮಿಥಾಲಜೀಸ್’ ಪುಸ್ತಕದ ಕುಸ್ತಿಯ ಪ್ರಬಂಧದಲ್ಲಿ ಇದನ್ನೇ ವಾದಿಸಿದ್ದ: ನೋಡುಗನಿಗೆ ಪಂದ್ಯ ಒಪ್ಪಂದದ್ದೋ ಅಲ್ಲವೋ ಎಂಬುದು ಮುಖ್ಯವಲ್ಲ, ನೋವು, ಸೋಲು, ನ್ಯಾಯ ಇವು ಕಣ್ಣಿಗೆ ಕಾಣುವುದು ಮುಖ್ಯ. ಬಾರ್ತ್‌ನ ಮಾತು ನೋಡುಗನ ಮಟ್ಟಿಗೆ ಸರಿ. ಆದರೆ ಆತ ಬರೆದದ್ದು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು. ನೋವು ಅಲ್ಲಿಂದ ಒಂದು ಸಂಕೇತವಾಗಿ ಕಾಣುತ್ತದೆ. ರಿಂಗಿನ ಒಳಗಿದ್ದವನ ಕತ್ತಿನ ಮೂಳೆಗೆ ಅದು ಸಂಕೇತವಲ್ಲ.

ಎರಡನೆಯ ತೀರ್ಮಾನ ಇಲ್ಲಿಗೆ ಬರುತ್ತದೆ. 1997ರ ಆಗಸ್ಟ್ 3ರಂದು ನ್ಯೂಜೆರ್ಸಿಯಲ್ಲಿ ಬ್ರೆಟ್‌ನ ತಮ್ಮ ಓವೆನ್ ಮತ್ತು ಆಸ್ಟಿನ್ ನಡುವಿನ ಪಂದ್ಯದಲ್ಲಿ ಓವೆನ್ ಆಸ್ಟಿನ್‌ನನ್ನು ತಲೆಕೆಳಗಾಗಿ ಹಿಡಿದು ಪೈಲ್‌ಡ್ರೈವರ್ ಹಾಕಿದ. ಆ ಪಟ್ಟಿನಲ್ಲಿ ಕೆಳಗಿನವನ ತಲೆ ಎತ್ತಿದವನ ತೊಡೆಗಳ ನಡುವೆ ಸುರಕ್ಷಿತವಾಗಿ, ನೆಲದಿಂದ ಮೇಲೆಯೇ ಉಳಿಯಬೇಕು. ಅಂದು ಉಳಿಯಲಿಲ್ಲ. ನೆತ್ತಿ ನೆಲಕ್ಕೆ ಬಡಿದು ಆಸ್ಟಿನ್‌ನ ಕೈಕಾಲುಗಳು ಸ್ವಲ್ಪ ಹೊತ್ತು ಸ್ವಾಧೀನ ತಪ್ಪಿದವು. ಗೆಲ್ಲಬೇಕಾದವನು ಅವನೇ. ಓವೆನ್ ಹತ್ತಿರ ಹೋಗದೆ, ಜನರನ್ನು ಕೆಣಕುತ್ತ ಕಾಲ ತಳ್ಳಿದ. ಆಸ್ಟಿನ್ ತೆವಳಿಕೊಂಡು ಬಂದು ಹಿಂದಿನಿಂದ ಓವೆನ್‌ನ ಕಾಲು ಹಿಡಿದಾಗ ಓವೆನ್ ತಾನಾಗಿಯೇ ಉರುಳಿ, ತನ್ನ ಭುಜಗಳನ್ನು ನೆಲಕ್ಕೆ ಕೊಟ್ಟು ಸೋತ. ‘ಬರೀ ನಾಟಕ’ದವರು ಈ ದೃಶ್ಯವನ್ನು ನೋಡಬೇಕು. ಫಲಿತಾಂಶ ಬರೆದಿಟ್ಟಂತೆಯೇ ಆಯಿತು. ಆಸ್ಟಿನ್‌ನ ಕತ್ತೂ ನಿಜವಾಗಿಯೇ ಜಖಂ ಆಯಿತು. ಈ ಎರಡು ಸಂಗತಿಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ನಿಗದಿಯಾದ ಫಲಿತಾಂಶವೇ ಗಾಯಾಳುವನ್ನು ಇನ್ನಷ್ಟು ಹೊತ್ತು ರಿಂಗಿನಲ್ಲಿ ಉಳಿಸಿತು.

ಬ್ರೆಟ್‌ನ ಆಟ ಮುಗಿದದ್ದೂ ಇಂಥದೇ ಒಂದು ಕ್ಷಣದಲ್ಲಿ. ಅಷ್ಟು ಹೊತ್ತಿಗೆ ಆತ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿದ್ದ. 1999ರ ಡಿಸೆಂಬರ್ 19ರಂದು ವಾಷಿಂಗ್ಟನ್ನಿನಲ್ಲಿ ಬಿಲ್ ಗೋಲ್ಡ್‌ಬರ್ಗ್ ಬೀಸಿದ ಒದೆ ತಲೆಗೆ ನೇರವಾಗಿ ತಗುಲಿತು. ಆ ಒದೆ ಕೂಡ ಒಪ್ಪಂದದ್ದೇ. ತಗುಲಿದ ಜಾಗ ಮಾತ್ರ ಒಪ್ಪಂದದ್ದಲ್ಲ. ಮಿದುಳಿಗೆ ಪೆಟ್ಟು ಬಿದ್ದಿದೆ ಎಂದು ಗೊತ್ತಾಗದೆ ಬ್ರೆಟ್ ಆ ಪಂದ್ಯವನ್ನು ಮುಗಿಸಿದ, ಮುಂದಿನ ವಾರಗಳಲ್ಲೂ ಆಡಿದ, ಇನ್ನಷ್ಟು ಪೆಟ್ಟು ತಿಂದ. 2000ನೇ ಇಸವಿಯಲ್ಲಿ ನಿವೃತ್ತನಾದ. 2002ರ ಜೂನ್‌ನಲ್ಲಿ ಕ್ಯಾಲ್ಗರಿಯಲ್ಲಿ ಸೈಕಲ್‌ನಿಂದ ಬಿದ್ದು, ಪಾರ್ಶ್ವವಾಯುವಾಗಿ ದೇಹದ ಎಡಭಾಗ ಸ್ವಾಧೀನ ಕಳೆದುಕೊಂಡಿತು. ದೀರ್ಘ ಚಿಕಿತ್ಸೆಯ ನಂತರ ಚೇತರಿಸಿಕೊಂಡ. ಆ ಒದೆಗೂ ಈ ಪಾರ್ಶ್ವವಾಯುವಿಗೂ ನಾನು ಗಂಟು ಹಾಕುವುದಿಲ್ಲ, ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಒಂದು ಒದೆಗೆ ವೃತ್ತಿಜೀವನ ಮುಗಿಯಿತೆಂಬ ಸಂಗತಿಯೊಂದೇ ಸಾಕು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಸಿನಿಮಾದಲ್ಲೂ ಸಾಹಸ ಕಲಾವಿದರಿಗೆ ಪೆಟ್ಟಾಗುತ್ತದೆ, ಹಾಗೆಂದು ಸಿನಿಮಾದ ಹೊಡೆದಾಟ ನಿಜವಾಯಿತೆ? ಆಗಲಿಲ್ಲ. ನಾನೂ ಕುಸ್ತಿ ನಿಜವಾದ ಸ್ಪರ್ಧೆ ಎನ್ನುತ್ತಿಲ್ಲ. ಆದರೆ ಸಾಹಸ ಕಲಾವಿದ ಸತ್ತಾಗ ‘ಅದೆಲ್ಲ ಶೂಟಿಂಗ್ ಅಲ್ಲವೇ’ ಎಂದು ಯಾರೂ ಹೇಳುವುದಿಲ್ಲ. ನಿರ್ಮಾಪಕ ಏನು ಮುನ್ನೆಚ್ಚರಿಕೆ ತೆಗೆದುಕೊಂಡಿದ್ದ ಎಂದು ಕೇಳುತ್ತೇವೆ. ಕುಸ್ತಿಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ನಮ್ಮ ಬಾಯಿಗೆ ಬರುವುದಿಲ್ಲ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಓವೆನ್ ಹಾರ್ಟ್‌ನನ್ನು ಬ್ಲೂ ಬ್ಲೇಜರ್ ಎಂಬ ಮುಸುಕಿನ ಪಾತ್ರದಲ್ಲಿ ಚಾವಣಿಯಿಂದ ಹಗ್ಗದಲ್ಲಿ ಇಳಿಸುವ ಏರ್ಪಾಡಾಗಿತ್ತು. ಕೊಂಡಿ ಮೊದಲೇ ಬಿಚ್ಚಿಕೊಂಡು ಆತ ಸುಮಾರು 78 ಅಡಿ ಎತ್ತರದಿಂದ ರಿಂಗಿನ ಮೇಲೆ ಬಿದ್ದು ಸತ್ತ. ವಯಸ್ಸು 34. ನೋಡುತ್ತಿದ್ದವರಲ್ಲಿ ಬಹಳ ಮಂದಿ ಇದೂ ಆಟದ ಭಾಗವೆಂದುಕೊಂಡರು. ಅವನನ್ನು ಹೊರಗೆ ಸಾಗಿಸಿ, ಉಳಿದ ಪಂದ್ಯಗಳನ್ನು ಅದೇ ರಿಂಗಿನಲ್ಲಿ ನಡೆಸಲಾಯಿತು. ಟಿವಿಯಲ್ಲಿ ಸಾವಿನ ಸುದ್ದಿ ಹೇಳಿದರು, ಅರೀನಾದಲ್ಲಿದ್ದ ಜನಕ್ಕೆ ಹೇಳಲಿಲ್ಲ. ಕುಟುಂಬ ಹೂಡಿದ ಮೊಕದ್ದಮೆ 2000ದಲ್ಲಿ ಸುಮಾರು 1.8 ಕೋಟಿ ಡಾಲರ್‌ಗೆ ರಾಜಿಯಾಯಿತು. ಒಬ್ಬ ಮನುಷ್ಯ ಕಣ್ಣೆದುರೇ ಸತ್ತರೂ ನಾಟಕವೆಂದು ಕಾಣುವಷ್ಟು ಆ ಒಂದು ಮಾತು ನಮ್ಮ ಕಣ್ಣನ್ನು ಮಬ್ಬು ಮಾಡಿದೆ.

ಮೂರನೆಯ ತೀರ್ಮಾನ ಎಲ್ಲಕ್ಕಿಂತ ಜಟಿಲ. ಬುದ್ಧಿವಂತರೂ ಎಡವುವುದು ಇಲ್ಲಿಯೇ. 1996ರಲ್ಲಿ ಬ್ರೆಟ್ ಡಬ್ಲ್ಯುಸಿಡಬ್ಲ್ಯು ಕೊಡಲು ಬಂದ ಭಾರಿ ಸಂಬಳವನ್ನು ಬಿಟ್ಟು ಮೆಕ್‌ಮಹನ್ ಜೊತೆ 20 ವರ್ಷದ ಕರಾರಿಗೆ ಸಹಿ ಹಾಕಿದ. ವರ್ಷ ತುಂಬುವುದರೊಳಗೆ ಮೆಕ್‌ಮಹನ್, ಕಂಪನಿಯ ಹಣಕಾಸು ಸರಿಯಿಲ್ಲ, ನೀನು ಆ ಕಡೆ ಮಾತಾಡಿಕೋ ಎಂದ. ಬ್ರೆಟ್ ಹೊರಡುವುದು ನಿಶ್ಚಯವಾದಾಗ ಅವನ ಸೊಂಟದಲ್ಲಿ ಚಾಂಪಿಯನ್ ಬೆಲ್ಟ್ ಇತ್ತು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಶಾನ್ ಮೈಕಲ್ಸ್ ವಿರುದ್ಧ ಪಂದ್ಯ. ತನ್ನೊಡನೆ ಹಗೆಯಿದ್ದ, ತನಗೆ ಸೋಲಲು ಒಪ್ಪದ ಮೈಕಲ್ಸ್‌ಗೆ ಕೆನಡಾದ ನೆಲದಲ್ಲಿ ಸೋಲುವುದಿಲ್ಲ, ಬೇರೆ ಎಲ್ಲಿಯಾದರೂ ಬೇರೆ ಯಾರಿಗಾದರೂ ಸೋಲುತ್ತೇನೆ ಎಂಬುದು ಬ್ರೆಟ್‌ನ ನಿಲುವು. ಕೊನೆಯ 30 ದಿನಗಳಲ್ಲಿ ತನ್ನ ಪಾತ್ರ ಹೇಗೆ ಮುಗಿಯಬೇಕೆಂಬ ಬಗ್ಗೆ ಅವನಿಗೆ ಕರಾರಿನಲ್ಲೇ ಹಕ್ಕಿತ್ತು. ಪಂದ್ಯ ಗಲಾಟೆಯಲ್ಲಿ ಮುಗಿಯುವುದು, ಮರುದಿನ ಆಟವಾದಲ್ಲಿ ಬ್ರೆಟ್ ಬೆಲ್ಟನ್ನು ತಾನೇ ಒಪ್ಪಿಸುವುದು ಎಂದು ಮಾತಾಯಿತು. ಆ ಮಾತುಕತೆ ಪಾಲ್ ಜೇ ನಿರ್ದೇಶಿಸಿದ ‘ರೆಸ್ಲಿಂಗ್ ವಿತ್ ಷ್ಯಾಡೋಸ್’ ಸಾಕ್ಷ್ಯಚಿತ್ರಕ್ಕಾಗಿ ಬ್ರೆಟ್ ಬಟ್ಟೆಯೊಳಗೆ ಸಿಕ್ಕಿಸಿಕೊಂಡಿದ್ದ ಮೈಕ್‌ನಲ್ಲಿ ದಾಖಲಾಗಿದೆ. ಆದರೆ ಅಂದು ಮೈಕಲ್ಸ್ ಬ್ರೆಟ್‌ನ ಮೇಲೆ ಬ್ರೆಟ್‌ನದೇ ಶಾರ್ಪ್‌ಶೂಟರ್ ಹಾಕಿದ ಕೂಡಲೇ, ಬ್ರೆಟ್ ಸೋಲೊಪ್ಪದೆ ಇದ್ದರೂ, ರೆಫರಿ ಅರ್ಲ್ ಹೆಬ್ನರ್ ಗಂಟೆ ಬಾರಿಸಲು ಹೇಳಿ ಓಡಿಬಿಟ್ಟ. ರಿಂಗಿನ ಪಕ್ಕದಲ್ಲೇ ನಿಂತು ಅದನ್ನು ನಡೆಸಿದವನು ಮೆಕ್‌ಮಹನ್. ಬ್ರೆಟ್ ಅವನ ಮುಖಕ್ಕೆ ಉಗಿದ. ಒಳಗೆ ಹೋದ ಮೇಲೆ ಅವನನ್ನು ಗುದ್ದಿ ಕೆಡವಿದ.

ನಾಟಕದ ವಾದದವರು ಕೇಳುತ್ತಾರೆ: ಇಲ್ಲದ ಗೆಲುವನ್ನು ಕಿತ್ತುಕೊಂಡರೆ ಹೋದದ್ದೇನು? ಬೆಲ್ಟ್ ಅವನು ಸ್ಪರ್ಧಿಸಿ ಗೆದ್ದದ್ದಲ್ಲ, ಮಾಲೀಕ ಕೊಟ್ಟದ್ದು, ಕೊಟ್ಟವನೇ ತೆಗೆದುಕೊಂಡ. ಈ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಅದು ತಲೆಕೆಳಗಾಗಿದೆ. ಕ್ರೀಡೆಯಲ್ಲಿ ಮೋಸವೆಂದರೆ ಗುಟ್ಟಿನಲ್ಲಿ ಒಪ್ಪಂದ ಮಾಡಿಕೊಳ್ಳುವುದು. ಎಲ್ಲವೂ ಒಪ್ಪಂದದ ಮೇಲೆಯೇ ನಿಂತ ಕಡೆ ಮೋಸವೆಂದರೆ ಆ ಒಪ್ಪಂದವನ್ನು ಗುಟ್ಟಿನಲ್ಲಿ ಮುರಿಯುವುದು. ಫಲಿತಾಂಶ ನಿಗದಿಯಾಗಿರುವುದರಿಂದಲೇ ಅದನ್ನು ನಿಗದಿ ಮಾಡಿದ ಮಾತಿಗೆ ಬೆಲೆ. ತನ್ನ ಕಾಲು, ಸೊಂಟಗಳನ್ನು ಎದುರಾಳಿಯ ಹಿಡಿತಕ್ಕೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದ ಮನುಷ್ಯ ಆ ಮಾತನ್ನು ನಂಬಿಯೇ ಮಲಗಿರುತ್ತಾನೆ. ಹಾಗೆ ನಂಬಿದ ಕ್ಷಣವನ್ನೇ ಮೆಕ್‌ಮಹನ್ ಬಳಸಿಕೊಂಡ. ಸಹ ಕುಸ್ತಿಪಟುಗಳು ಇದನ್ನು ತಕ್ಷಣ ಅರ್ಥಮಾಡಿಕೊಂಡರು. ಫಲಿತಾಂಶಗಳು ಹೇಗೆ ನಿಗದಿಯಾಗುತ್ತವೆಂದು ಯಾರಿಗಿಂತಲೂ ಚೆನ್ನಾಗಿ ಬಲ್ಲ ಮಿಕ್ ಫೋಲಿ ಮರುದಿನದ ಪ್ರದರ್ಶನಕ್ಕೆ ಹೋಗದೆ ಪ್ರತಿಭಟಿಸಿದ. ಸ್ಮಿತ್ ಮತ್ತು ನೈಡ್‌ಹಾರ್ಟ್ ಕಂಪನಿಯನ್ನೇ ಬಿಟ್ಟರು.

ಮೆಕ್‌ಮಹನ್‌ನ ಪರವಾದ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ. 1995ರಲ್ಲಿ ಅವನ ಮಹಿಳಾ ಚಾಂಪಿಯನ್ ಎದುರಾಳಿ ಕಂಪನಿಗೆ ಹೋಗಿ, ಟಿವಿಯಲ್ಲಿ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ್ದಳು. ಅದು ಇನ್ನೊಮ್ಮೆ ಆದರೆ ನೂರಾರು ಜನರ ಅನ್ನಕ್ಕೆ ಕುತ್ತು ಎಂಬ ಭಯ ಅವನಿಗಿತ್ತು. ಹೊರಡುವವನು ಉಳಿಯುವವನಿಗೆ ಸೋತು ಹೋಗಬೇಕೆಂಬುದು ಆ ವೃತ್ತಿಯ ಹಳೆಯ ಪದ್ಧತಿ. ಬ್ರೆಟ್ ಅದಕ್ಕೆ ಷರತ್ತು ಹಾಕಿದ. ಬ್ರೆಟ್ ತನ್ನನ್ನು ತಾನೇ ಅತಿಯಾಗಿ ಗಂಭೀರವಾಗಿ ತೆಗೆದುಕೊಂಡ ಎಂದು ರಿಕ್ ಫ್ಲೇರ್‌ನಂಥ ಹಿರಿಯರೂ ಟೀಕಿಸಿದ್ದಾರೆ. ಅಲ್ಲದೆ, ಗುಟ್ಟಾಗಿ ನಿಯಮ ಮೀರಿದ್ದು ಬ್ರೆಟ್ ಕೂಡ: ರಕ್ತ ಸುರಿಸಬಾರದೆಂದು ಕಂಪನಿಯ ನಿಯಮವಿದ್ದರೂ ರೋಸ್‌ಮಾಂಟ್‌ನಲ್ಲಿ ಆಸ್ಟಿನ್‌ನ ಹಣೆಯನ್ನು ಬ್ಲೇಡಿನಿಂದ ಗೀರಿದ್ದು ತಾನೇ ಎಂದು ಅವನೇ ಬರೆದಿದ್ದಾನೆ. ಇವೆಲ್ಲವನ್ನೂ ಒಪ್ಪುತ್ತೇನೆ. ಆದರೆ ಆಸ್ಟಿನ್‌ಗೆ ಅದು ಮೊದಲೇ ಗೊತ್ತಿತ್ತು, ಅವನ ಒಪ್ಪಿಗೆಯಿತ್ತು. ಮಾಂಟ್ರಿಯಲ್‌ನಲ್ಲಿ ನೆಲದ ಮೇಲಿದ್ದವನಿಗೆ ಗೊತ್ತಿರಲಿಲ್ಲ. ಬೆಲ್ಟ್ ಕೈತಪ್ಪುವ ಭಯವಿದ್ದವನು ಬೇಡಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು, ಬೆಲ್ಟನ್ನು ಒಂದು ವಾರ ಮೊದಲೇ ವಾಪಸು ಪಡೆಯಬಹುದಿತ್ತು. ಒಪ್ಪಿದಂತೆ ನಟಿಸಿದ್ದಕ್ಕೆ ಆ ಭಯ ಸಮರ್ಥನೆಯಾಗುವುದಿಲ್ಲ. ಬ್ರೆಟ್‌ನ ಹೆಮ್ಮೆ ಅತಿಯಾಗಿತ್ತೆಂದೇ ಇಟ್ಟುಕೊಂಡರೂ, ಹೆಮ್ಮೆಯವನಿಗೆ ಕೊಟ್ಟ ಮಾತನ್ನು ಮುರಿಯಬಹುದು ಎಂದಾಗುವುದಿಲ್ಲ.

ಇನ್ನು, ಮಾಂಟ್ರಿಯಲ್ ಪ್ರಕರಣವೇ ಒಂದು ನಾಟಕ, ಬ್ರೆಟ್ ಕೂಡ ಅದರಲ್ಲಿ ಸೇರಿದ್ದ ಎನ್ನುವವರೂ ಇದ್ದಾರೆ. ಒಮ್ಮೆ ಎಲ್ಲವೂ ನಾಟಕ ಎಂದು ನಿರ್ಧರಿಸಿದವರಿಗೆ ಯಾವ ಸಾಕ್ಷ್ಯವೂ ತಟ್ಟುವುದಿಲ್ಲ. ಸಾಕ್ಷ್ಯ ಬಲವಾದಷ್ಟೂ ನಾಟಕ ಚೆನ್ನಾಗಿತ್ತು ಎನ್ನುತ್ತಾರೆ. ಆದರೆ ನಾಟಕ ಕಟ್ಟಿದವರು ಅದರ ಲಾಭ ಹಂಚಿಕೊಳ್ಳಬೇಕಲ್ಲ. ಲಾಭವಾದದ್ದು ಒಂದೇ ಕಡೆಗೆ: ಮೆಕ್‌ಮಹನ್ ಆ ದ್ವೇಷವನ್ನೇ ಬಂಡವಾಳ ಮಾಡಿಕೊಂಡು ದುಷ್ಟ ಮಾಲೀಕನ ಪಾತ್ರದಲ್ಲಿ ಟಿವಿಗೆ ಇಳಿದು ಎದುರಾಳಿ ಕಂಪನಿಯನ್ನು ಮೀರಿಸಿದ. ಮೊದಲು ಏನೂ ಗೊತ್ತಿಲ್ಲವೆಂದ ಮೈಕಲ್ಸ್ ವರ್ಷಗಳ ನಂತರ ತನ್ನ ಪಾಲನ್ನು ಒಪ್ಪಿಕೊಂಡ. ಬ್ರೆಟ್ ಮತ್ತೆ ಆ ಕಂಪನಿಯ ಸಾಪ್ತಾಹಿಕ ಕಾರ್ಯಕ್ರಮಕ್ಕೆ ಕಾಲಿಟ್ಟದ್ದು, ಮೈಕಲ್ಸ್‌ನ ಕೈ ಕುಲುಕಿದ್ದು 2010ರ ಜನವರಿಯಲ್ಲಿ, ಹನ್ನೆರಡು ವರ್ಷ ಕಳೆದ ಮೇಲೆ.

ಕಡೆಗೆ, ಬಾಕಿ ಉಳಿಸಿದ್ದ ಪ್ರಶ್ನೆ: ಇದು ಬರೀ ಮನರಂಜನೆ ಎಂದು ಮಾಲೀಕರೇ ಯಾಕೆ ಒಪ್ಪಿಕೊಂಡರು? ನ್ಯೂಜೆರ್ಸಿಯಲ್ಲಿ ಬಾಕ್ಸಿಂಗ್‌ನಂತೆ ಕುಸ್ತಿಯ ಮೇಲೂ ಸರ್ಕಾರದ ಕ್ರೀಡಾ ನಿಯಂತ್ರಣವಿತ್ತು. ಲೈಸೆನ್ಸ್ ಬೇಕು, ಪಂದ್ಯಕ್ಕೆ ಮೊದಲು ವೈದ್ಯಕೀಯ ತಪಾಸಣೆ ಬೇಕು, ತೆರಿಗೆ ಕಟ್ಟಬೇಕು. ಸ್ಪರ್ಧೆಯಲ್ಲ ಎಂದು ಒಪ್ಪಿದರೆ ಇವೆಲ್ಲದರಿಂದ ಬಿಡುಗಡೆ. ಸತ್ಯ ಹೇಳಬೇಕೆಂಬ ಹಂಬಲದಿಂದ ಬಂದ ಒಪ್ಪಿಗೆ ಅದಲ್ಲ, ಖರ್ಚು ಉಳಿಸುವ ಒಪ್ಪಿಗೆ. ಫಲಿತಾಂಶ ನಿಗದಿ ಎಂಬ ಕಾರಣಕ್ಕೆ ದೇಹಕ್ಕೆ ವೈದ್ಯರು ಬೇಡ ಎಂಬ ಜಿಗಿತವನ್ನು, ಅಂದರೆ ನಮ್ಮ ಪಟ್ಟಿಯ ಎರಡನೆಯ ತಪ್ಪನ್ನು, ಒಂದು ಸರ್ಕಾರದ ಕೈಯಲ್ಲೇ ಮಾಡಿಸಿದರು. ಮುಂದೆ ಕಂಪನಿಯೇ ಕುಸ್ತಿಪಟುಗಳ ಮಿದುಳಿನ ತಪಾಸಣೆ ಶುರುಮಾಡಿತು, 2010ರಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ನಿಷೇಧಿಸಿತು. ಪೆಟ್ಟು ನಿಜವಲ್ಲದಿದ್ದರೆ ನಿಷೇಧ ಯಾಕೆ ಬೇಕಿತ್ತು?

ತಿಳಿದೇ ಬಂದ ವಯಸ್ಕರು, ದುಡ್ಡಿಗಾಗಿ ಒಪ್ಪಿದವರು, ಅವರ ಪಾಡು ಅವರಿಗೆ ಎನ್ನುವುದು ಕೊನೆಯ ಆಕ್ಷೇಪ. ಗಣಿಗೆ ಇಳಿಯುವವನೂ ತಿಳಿದೇ ಇಳಿಯುತ್ತಾನೆ. ಅವನ ಒಪ್ಪಿಗೆ ಗಣಿಯ ಮಾಲೀಕನ ಹೊಣೆಯನ್ನು ಕಳೆಯುವುದಿಲ್ಲ. ಕುಸ್ತಿಪಟುಗಳು ವರ್ಷದ ಬಹುಪಾಲು ದಿನ ಒಂದೇ ಕಂಪನಿ ಹೇಳಿದ ಊರಿನಲ್ಲಿ, ಹೇಳಿದ ಪಾತ್ರದಲ್ಲಿ, ಹೇಳಿದ ಫಲಿತಾಂಶಕ್ಕೆ ದುಡಿದರೂ ಕಾಗದದ ಮೇಲೆ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. 1986ರಲ್ಲಿ, ಮುಂದೆ ಮಿನ್ನೆಸೋಟಾದ ಗವರ್ನರ್ ಆದ ಜೆಸ್ಸಿ ವೆಂಚುರಾ, ಸಂಘ ಕಟ್ಟೋಣವೆಂದು ಜೊತೆಯವರನ್ನು ಕೇಳಿದ. ಸುದ್ದಿ ಮಾಲೀಕನ ಕಿವಿಗೆ ಮುಟ್ಟಿ ಪ್ರಯತ್ನ ಅಲ್ಲಿಗೇ ನಿಂತಿತು. ನಾವು ನೌಕರರೇ ಎಂದು ಮೂವರು ಮಾಜಿ ಕುಸ್ತಿಪಟುಗಳು 2008ರಲ್ಲಿ ಹೂಡಿದ ಮೊಕದ್ದಮೆ ವಜಾ ಆಯಿತು. ಮಿದುಳಿನ ಪೆಟ್ಟಿಗೆ ಪರಿಹಾರ ಕೇಳಿ ಹತ್ತಾರು ಮಂದಿ ಹೋದ ಮೊಕದ್ದಮೆಯೂ 2018ರಲ್ಲಿ ವಜಾ ಆಯಿತು. ಬ್ರೆಟ್ ಹಾರ್ಟ್‌ನ ಹೆಸರು ಇಂದು ಕೆನಡಾದ ವಾಕ್ ಆಫ್ ಫೇಮ್‌ನಲ್ಲಿದೆ, ಈಗ ಡಬ್ಲ್ಯುಡಬ್ಲ್ಯುಇ ಎನಿಸಿಕೊಂಡ ಡಬ್ಲ್ಯುಡಬ್ಲ್ಯುಎಫ್‌ನ ಹಾಲ್ ಆಫ್ ಫೇಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಇದೆ. ಅವನು ಆಡಿದ ಕಂಪನಿಯ ಕುಸ್ತಿಪಟುಗಳಿಗೆ ಇಂದಿಗೂ ಸಂಘವಿಲ್ಲ.